ರೊಟ್ಟಿಯ ಪೆಟ್ಟು

ರಾತ್ರಿ ಎಂಟು ಗಂಟೆ. ಇಂಡಿ ಊರಿನ ನಮ್ಮ ಮಾಳಿಗೆಯ ಮೇಲೆ ಚಾಪೆ ಹಾಸಿದೆ, ಕೂತುಕೊಳ್ಳಿ. ಹಗಲೆಲ್ಲ ಕಾದ ನೆಲದ ಬಿಸಿ ಚಾಪೆಯನ್ನೂ ದಾಟಿ ಹತ್ತುತ್ತಿದೆ. ಕೆಳಗೆ ಓಣಿಯಲ್ಲಿ ಲಿಂಬೆಯ ಚೀಲ ಹೇರಿದ ಟಂಟಂ ನಿಂತಿದೆ, ಅದರ ವಾಸನೆ ಇಲ್ಲಿಯತನಕ ಬರುತ್ತದೆ. ಫೋನಿಗೆ ಸ್ಪೀಕರ್ ಹಾಕಿ ನಡುವೆ ಇಟ್ಟಿದ್ದೇನೆ. ಒಬ್ಬೊಬ್ಬರೇ ಕೂಡಿಕೊಳ್ಳುತ್ತಾರೆ: ಸಿಂದಗಿಯಿಂದ ನರ್ಸಿಂಗ್ ಓದುವ ಹುಡುಗಿ, ಮುದ್ದೇಬಿಹಾಳದಿಂದ ಡಿಪ್ಲೊಮಾ ಮುಗಿಸಿದ ಹುಡುಗ, ಬಸವನ ಬಾಗೇವಾಡಿಯಿಂದ ಔಷಧಿ ಅಂಗಡಿಯ ಸಾಹುಕಾರರು. ಅರ್ಧ ತಾಸು ಇಂಗ್ಲಿಷ್ ಮಾತಿನ ಅಭ್ಯಾಸ.

ಮುದ್ದೇಬಿಹಾಳದವನ ಮನಸ್ಸಿನಿಂದ ಹೋದ ವಾರದ ಇಂಟರ್‌ವ್ಯೂ ಇನ್ನೂ ಹೋಗಿಲ್ಲ. "ಅವ್ರು ಕೇಳಿದ್ದೆಲ್ಲಾ ಗೊತ್ತಿತ್ರಿ ಸರ. ಕನ್ನಡದಾಗ ಜೋಡಿಸಿ ಇಂಗ್ಲಿಷಿಗೆ ತಿರುಗಸೂದ್ರಾಗ ಮುಂದಿನ ಪ್ರಶ್ನಿ ಬಂದ್ಬಿಡ್ತರಿ."

ಇಡೀ ಕಷ್ಟ ಅಲ್ಲೇ ಇದೆ. ಸರಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಇವನು ಆಮೇಲಿನ ಹುಡುಗ. ವರ್ಷಗಟ್ಟಲೆ ಓದಿದ್ದಾನೆ, ಬರೆದಿದ್ದಾನೆ, ಬಾಯಿಗೆ ಮಾತ್ರ ಕೆಲಸ ಬಿದ್ದಿಲ್ಲ. ಅವನಿಗೆ ನಾನು ವ್ಯಾಕರಣ ಹೇಳಿಕೊಡುವುದಿಲ್ಲ. "ಲೆಟ್ ಮಿ ಥಿಂಕ್", "ದ ಥಿಂಗ್ ಈಸ್", "ವಾಟ್ ಐ ಮೀನ್ ಈಸ್" ಎಂಬ ಮಾತುಗಳನ್ನು ಇಡಿಇಡಿಯಾಗಿ ಬಾಯಿಪಾಠ ಮಾಡಿಸುತ್ತೇನೆ. ನಾವು "ಅದೇನಂದ್ರ" ಎಂದು ಉಸಿರು ತಗೊಳ್ಳುತ್ತೇವಲ್ಲ, ಹಾಗೆ.

ಈಗ ಸಿಂದಗಿಯ ಸರದಿ. ಅವಳ ದನಿಯ ಹಿಂದೆ ಪಟ ಪಟ ಕೇಳುತ್ತಿದೆಯೇ? ಅವಳವ್ವ ರೊಟ್ಟಿ ಬಡಿಯುತ್ತಿದ್ದಾಳೆ.

"ಐ ವಾಂಟ್ ಟು ಗೋ ಟು ದ ಬ್ಯಾಂಕ್."

ಒಂದೂ ತಪ್ಪಿಲ್ಲ. ಆದರೆ ಏಳೂ ಶಬ್ದಕ್ಕೆ ಒಂದೇ ತೂಕ. ಕನ್ನಡ ಕಲಿಸಿದ ಶಿಸ್ತು ಅದು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಯಾವ ಅಕ್ಷರವನ್ನೂ ನುಂಗುವ ಹಾಗಿಲ್ಲ. ಇಂಗ್ಲಿಷಿನ ನಡಿಗೆ ಒತ್ತಿನದು. ಒತ್ತು ಬಿದ್ದಲ್ಲಿ ಸ್ವರ ತುಂಬಿ ಬರುತ್ತದೆ, ಉಳಿದದ್ದು ಸಣ್ಣಗಾಗಿ ಸಂದಿಯಲ್ಲಿ ಜಾರಿಹೋಗುತ್ತದೆ. ನಾವು 'ಬನಾನಾ' ಎಂದು ಮೂರಕ್ಷರವನ್ನೂ ಎತ್ತಿ ಆಡಿದರೆ, ಇಂಗ್ಲಿಷರ ಬಾಯಲ್ಲಿ ಪೂರ್ತಿ ಕೇಳುವುದು ನಡುವಿನ 'ನಾ' ಒಂದೇ. ಎರಡೂ ಬದಿಗೆ ಅರ್ಧ ನುಂಗಿದ ಅಕಾರ.

ಇದನ್ನು ಹಲಗೆಯ ಮೇಲೆ ಬರೆದು ತೋರಿಸಿ ಸೋತಿದ್ದೇನೆ. ಇವತ್ತು ಆ ರೊಟ್ಟಿಯ ಸದ್ದೇ ದಾರಿ ತೋರಿಸಿತು.

"ಅವ್ವನ ಕೈ ನೋಡು ತಂಗಿ. ಪೆಟ್ಟು ಬೀಳತೈತಿ, ನಡುವ ರೊಟ್ಟಿ ಹಗೂರಕ ತಿರುಗತೈತಿ, ಹೌದಿಲ್ಲೋ?"

"ಹೌದ್ರಿ."

"ವಾಂಟ್, ಗೋ, ಬ್ಯಾಂಕ್. ಇವು ಮೂರೇ ಪೆಟ್ಟು. ಉಳಿದದ್ದೆಲ್ಲಾ ರೊಟ್ಟಿ ತಿರುಗೂದ್ರಾಗ ಮುಗೀಬೇಕು."

ಮೊದಲ ಸಲ 'ಟು' ಮತ್ತೆ ಎದ್ದು ನಿಂತಿತು. ಎರಡನೇ ಸಲ 'ಗೋ' ತಡವಾಯಿತು. ಮೂರನೆಯದು, ಕೇಳಿ: "ಐ ವಾಂಟ್ ಟ ಗೋ ಟ ದ ಬ್ಯಾಂಕ್." ಆ ಕಡೆಯಿಂದ ಅವ್ವ ನಗುತ್ತಾಳೆ. ಮುದ್ದೇಬಿಹಾಳದವನು ಯಾರೂ ಹೇಳದಿದ್ದರೂ ತಾನೂ ತೊಡೆ ತಟ್ಟಿಕೊಂಡು ಹೇಳಿ ನೋಡುತ್ತಿದ್ದಾನೆ.

"ಸರ, ಅಮೆರಿಕದವ್ರಂಗ ನಾಲಿಗಿ ಹೊಳ್ಳಸೂದು ಯಾವಾಗ ಕಲಸ್ತೀರಿ?" ಬಾಗೇವಾಡಿಯವರ ಪ್ರಶ್ನೆ.

"ಅದು ಬ್ಯಾಡ್ರಿ ಸಾಹುಕಾರ್ರ. ನಮ್ಮ ದನಿ ನಮಗಿರ್ಲಿ."

ಇದನ್ನು ನಾನು ಮನಸಾರೆ ನಂಬಿ ಹೇಳುತ್ತೇನೆ. ನಮ್ಮ 'ಟ' ಗಡುಸಾಗಿದ್ದರೂ ಕೇಳುವವರಿಗೆ ಅರ್ಥ ಕೆಡುವುದಿಲ್ಲ. ಒತ್ತು ಬೇರೆ ಕಡೆ ಬಿದ್ದರೆ ಅವರು ಎಡವುತ್ತಾರೆ. ಸಹಜವಾಗಿ ಮಾತಾಡಲು ಇನ್ನೊಬ್ಬರ ಗಂಟಲು ಬೇಕಿಲ್ಲ.

ಎಂಟೂವರೆ ಆಯಿತು. "ಶಲ್ ಐ ಕೀಪ್ ದ ಫೋನ್, ಸರ್?" ಎನ್ನುತ್ತಾಳೆ ಸಿಂದಗಿಯ ಹುಡುಗಿ. ನಮ್ಮ "ಫೋನ್ ಇಡ್ಲೇನ್ರಿ?" ಹಾಗೇ ಇಂಗ್ಲಿಷಿಗೆ ನಡೆದು ಬಂದಿದೆ.

"ಹಂಗಲ್ಲವ್ವಾ. ನಿನ್ನಿ ಏನ್ ಹೇಳಿದ್ದೆ?"

ಒಂದು ಗಳಿಗೆ ಸುಮ್ಮನಾದಳು. ಹಿಂದೆ ಕಡೆಯ ರೊಟ್ಟಿ ಬಡಿಯುವ ಸದ್ದು.

"ಸೀ ಯು ಟಮಾರೊ, ಸರ್."

ಪೆಟ್ಟು ಸರಿಯಾಗಿ 'ಮಾ' ಮೇಲೆ ಬಿತ್ತು.