ಮದುವೆಯ ಫೈಲ್‌ಗಳು ಯಾರ ಮನೆಯಲ್ಲಿರಬೇಕು?

ಒಂದು ಮದುವೆ ಎಂದರೆ ಎಷ್ಟು ಜಿಬಿ ಎಂದು ನಿಮ್ಮಲ್ಲಿ ಯಾರಾದರೂ ಲೆಕ್ಕ ಹಾಕಿದ್ದೀರಾ? ನನ್ನ ಮಾಮನ ಸ್ಟುಡಿಯೋದಲ್ಲಿ ಆ ಲೆಕ್ಕ ಹೀಗಿದೆ. ಆರಿಸಿ, ಬಣ್ಣ ಸರಿಪಡಿಸಿದ 1200 ಫೋಟೋಗಳು ಸುಮಾರು 10 ಜಿಬಿ. ಎಡಿಟ್ ಆದ ಎರಡು ಗಂಟೆಯ ವಿಡಿಯೋ ಸುಮಾರು 18 ಜಿಬಿ. ಒಟ್ಟು 28 ಜಿಬಿ. ಇದನ್ನು ಮದುವೆ ಮನೆಯವರಿಗೆ ತಲುಪಿಸಬೇಕು. ಇಮೇಲ್‌ನಲ್ಲಿ ಕಳುಹಿಸೋಣವೆಂದರೆ ಜಿಮೇಲ್ 25 ಎಂಬಿಗಿಂತ ದೊಡ್ಡ ಅಟ್ಯಾಚ್‌ಮೆಂಟ್ ಒಪ್ಪುವುದಿಲ್ಲ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳುಹಿಸಿದರೆ ಅದು ಚಿತ್ರಗಳನ್ನು ಕುಗ್ಗಿಸಿಬಿಡುತ್ತದೆ, ಮಾಮ ರಾತ್ರಿಯಿಡೀ ಕುಳಿತು ಮಾಡಿದ ಕೆಲಸ ನೀರಿನಲ್ಲಿ ಹೋಮ. ಗೂಗಲ್ ಡ್ರೈವ್‌ನ ಉಚಿತ ಜಾಗ 15 ಜಿಬಿ, ಅದರಲ್ಲೇ ಇಮೇಲ್ ಕೂಡ ಇರಬೇಕು.

ಊರಿನವರಾದರೆ ಪೆನ್‌ಡ್ರೈವ್ ಕೊಟ್ಟು ಕಳುಹಿಸಬಹುದು. ಆದರೆ ನಮ್ಮ ಕರಾವಳಿಯ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. ಮದುವೆ ಇಲ್ಲಿ, ಮನೆಯ ಅರ್ಧ ಜನ ದುಬೈ, ದಮ್ಮಾಮ್, ಜುಬೈಲ್‌ಗಳಲ್ಲಿ. ಮೊದಲೆಲ್ಲ ರಜೆ ಮುಗಿಸಿ ಹೊರಟವರ ಕೈಯಲ್ಲಿ ಹಲ್ವ, ಉಪ್ಪಿನಕಾಯಿಯ ಜೊತೆ ಪೆನ್‌ಡ್ರೈವ್ ಕೂಡ ಹೋಗುತ್ತಿತ್ತು. ಆಮೇಲೆ ಮಾಮ ಒಂದು ಉಚಿತ ಸೇವೆಯ ಮೂಲಕ ಲಿಂಕ್ ಕಳುಹಿಸಲು ಶುರು ಮಾಡಿದರು. ಅದರ ಅವಧಿ ಕೆಲವೇ ದಿನ. ಅಲ್ಲಿ ಡ್ಯೂಟಿ ಮುಗಿಸಿ ಶುಕ್ರವಾರ ತೆರೆಯುವಷ್ಟರಲ್ಲಿ ಲಿಂಕ್ ಸತ್ತಿರುತ್ತಿತ್ತು.

ಕಳೆದ ವರ್ಷ ಒಂದು ನಿಖಾಹ್‌ನ ಕೆಲಸ ಬಂತು. ಹೆಂಗಸರ ಕಡೆಯ ಫೋಟೋ ತೆಗೆಯುವುದು ಯಾವಾಗಲೂ ಮಾಮಿ. ಮಾತುಕತೆಗೆ ಬಂದ ಮದುಮಗಳ ಉಮ್ಮ ದರವನ್ನು ಚೌಕಾಸಿ ಮಾಡಲಿಲ್ಲ. ಅವರು ಮಾಮಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಂಡಸರ ಕಡೆಯದ್ದು ಎಲ್ಲಿ ಬೇಕಾದರೂ ಇರಲಿ. ನಮ್ಮ ಕಡೆಯದ್ದು ನಿಮ್ಮ ಅಂಗಡಿ ಬಿಟ್ಟು ಬೇರೆ ಎಲ್ಲೆಲ್ಲಿ ಇರ್ತದೆ?"

ಮಾಮಿ ನನ್ನ ಮುಖ ನೋಡಿದರು. ಕಂಪ್ಯೂಟರ್ ಸೈನ್ಸ್ ಓದುವವಳು ನಾನೇ ಅಲ್ಲವೇ! ನಾನು ಇದ್ದದ್ದನ್ನು ಹೇಳಿದೆ: "ಲಿಂಕ್ ಕಳುಹಿಸಿದರೆ ಅದು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇರ್ತದೆ. ಯಾವ ದೇಶದಲ್ಲಿ ಅಂತ ನಮಗೂ ಗೊತ್ತಿಲ್ಲ." ಅವರು, "ಹಾಗಾದರೆ ನನ್ನ ಮಗನಿಗೆ ತೋರಿಸುವುದು ಹೇಗೆ? ಅವನಿಗೆ ಜುಬೈಲ್‌ನಿಂದ ರಜೆ ಸಿಕ್ಕಿಲ್ಲ" ಎಂದರು. ಮಾಮ ಒಂದು ವಾರ ಸಮಯ ಕೇಳಿದರು. ಆ ವಾರ ನಾನು ಓದಿದ್ದು ಮತ್ತು ಮಾಡಿದ್ದು ಈ ಲೇಖನ.

ಮೊದಲು ತಿಳಿದದ್ದು, ಆ ಉಮ್ಮನ ಪ್ರಶ್ನೆ ಅವರೊಬ್ಬರದ್ದೇ ಅಲ್ಲ ಎಂಬುದು. ದೊಡ್ಡ ಫೈಲ್ ಕಳುಹಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿ-ಟ್ರಾನ್ಸ್‌ಫರ್ ಸೇವೆ 2025ರ ಜುಲೈನಲ್ಲಿ ತನ್ನ ನಿಯಮಗಳನ್ನು ಬದಲಿಸಿತು. ಅದರಲ್ಲಿ ಯಂತ್ರಕಲಿಕೆಯ ಮಾತು ಕಂಡು ಛಾಯಾಗ್ರಾಹಕರು, ಕಲಾವಿದರು ಗಾಬರಿಯಾದರು. ಗ್ರಾಹಕರ ಫೈಲ್‌ಗಳಿಂದ ಎಐಗೆ ತರಬೇತಿ ಕೊಡುವುದಿಲ್ಲ ಎಂದು ಸಂಸ್ಥೆ ಸ್ಪಷ್ಟಪಡಿಸಿ, ಆ ಮಾತನ್ನು ತೆಗೆಯಿತು. ಅದೇ ಸೇವೆಯನ್ನು 2020ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆಯ ಆದೇಶದಂತೆ ನಮ್ಮ ದೇಶದಲ್ಲಿ ನಿರ್ಬಂಧಿಸಲಾಗಿತ್ತು. ಬಾಡಿಗೆ ಮನೆಯಲ್ಲಿ ನಿಯಮ ಬದಲಿಸುವವರು, ಬಾಗಿಲು ಹಾಕುವವರು ಬೇರೆಯವರು.

ಹಾಗಾದರೆ ಸ್ವಂತ ಮನೆ ಕಟ್ಟಬಹುದೇ? ಕಟ್ಟಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳನ್ನು ಓಪನ್ ಸೋರ್ಸ್ ಸಮುದಾಯದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮೊಜಿಲ್ಲಾ ಸಂಸ್ಥೆ 2019ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಸೆಂಡ್ ಎಂಬ ಉಚಿತ ಸೇವೆ ಆರಂಭಿಸಿತ್ತು. ಅದರ ಉಪಾಯ ತುಂಬಾ ಚೆಂದ. ಫೈಲ್ ನಮ್ಮ ಬ್ರೌಸರಿನಲ್ಲೇ ಗೂಢಲಿಪಿಯಾಗಿ ಬದಲಾಗಿ ಸರ್ವರ್‌ಗೆ ಹೋಗುತ್ತದೆ. ಅದನ್ನು ಬಿಡಿಸುವ ಕೀಲಿ ಲಿಂಕ್‌ನಲ್ಲಿ # ಚಿಹ್ನೆಯ ನಂತರ ಇರುತ್ತದೆ. ಆ ಚಿಹ್ನೆಯ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಪೆಟ್ಟಿಗೆ ಅವರ ಬಳಿ, ಕೀಲಿ ನಮ್ಮ ಬಳಿ. ಆದರೆ ಯಾರು ಬೇಕಾದರೂ ಏನನ್ನು ಬೇಕಾದರೂ ಹಾಕಬಹುದಾಗಿದ್ದರಿಂದ ದುರುಳರು ವೈರಸ್ ಹಂಚಲು ಅದನ್ನು ಬಳಸಿದರು. 2020ರ ಜುಲೈನಲ್ಲಿ ಸೇವೆ ಸ್ಥಗಿತಗೊಂಡಿತು, ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಚ್ಚಿತು. ಕಂಪನಿಯ ಸೇವೆ ಮುಚ್ಚಿದರೂ ಅದರ ಕೋಡ್ ಮುಕ್ತವಾಗಿದ್ದ ಕಾರಣ ಜನರು ಇಂದಿಗೂ ಅದನ್ನು ತಮ್ಮದೇ ಸರ್ವರ್‌ಗಳಲ್ಲಿ ನಡೆಸುತ್ತಿದ್ದಾರೆ. ಓಪನ್ ಸೋರ್ಸ್ ಎಂದರೇನು ಎಂದು ಇದಕ್ಕಿಂತ ಸುಲಭವಾಗಿ ನನಗೆ ಯಾರೂ ತಿಳಿಸಿರಲಿಲ್ಲ.

ನಮಗೆ ಬೇಕಾದದ್ದು ನಾವು ಮಾತ್ರ ಫೈಲ್ ಹಾಕಬಹುದಾದ, ಗ್ರಾಹಕರು ಇಳಿಸಿಕೊಳ್ಳಬಹುದಾದ ವ್ಯವಸ್ಥೆ. 2016ರಲ್ಲಿ ಶುರುವಾದ ನೆಕ್ಸ್ಟ್‌ಕ್ಲೌಡ್ ಇದನ್ನು ಮಾಡುತ್ತದೆ. ಆದರೆ ಅದರಲ್ಲಿ ಕ್ಯಾಲೆಂಡರ್, ಚಾಟ್ ಎಲ್ಲ ಇದ್ದು, ಸಣ್ಣ ಅಂಗಡಿಗೆ ಅದು ದೊಡ್ಡ ಬಂಗಲೆಯಾಯಿತು. ಗೋಕಾಪಿ ಎಂಬ ಚಿಕ್ಕ ತಂತ್ರಾಂಶ ನಮಗೆ ಹೊಂದಿತು. ಅದರಲ್ಲಿ ಫೈಲ್ ಹಾಕುವ ಅಧಿಕಾರ ನಿರ್ವಾಹಕರಿಗೆ ಮತ್ತು ಅವರು ಅನುಮತಿ ಕೊಟ್ಟವರಿಗೆ ಮಾತ್ರ. ಪ್ರತಿ ಫೈಲ್‌ಗೂ ಬೇರೆ ಲಿಂಕ್, ಬೇರೆ ಪಾಸ್‌ವರ್ಡ್. ಎಷ್ಟು ದಿನ, ಎಷ್ಟು ಸಲ ಡೌನ್‌ಲೋಡ್ ಎಂದು ನಾವೇ ನಿಗದಿಪಡಿಸಬಹುದು. ಮಿತಿ ಮುಗಿದ ಮೇಲೆ ಫೈಲ್ ಸರ್ವರ್‌ನಿಂದ ಅಳಿಸಿಹೋಗುತ್ತದೆ.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ಡಾಕರ್ ಮೂಲಕ ಗೋಕಾಪಿ ನಿಲ್ಲಿಸಿದೆ. ಅದರ ಮುಂದೆ ಕಾವಲುಗಾರನಂತೆ ಕ್ಯಾಡಿ ಎಂಬ ಇನ್ನೊಂದು ತಂತ್ರಾಂಶ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸುರಕ್ಷತಾ ಪ್ರಮಾಣಪತ್ರವನ್ನು ತಾನೇ ತಂದು, ತಾನೇ ನವೀಕರಿಸುವುದು ಅದರ ಕೆಲಸ. ಇಲ್ಲಿಯವರೆಗೆ ಎಲ್ಲವೂ ಒಂದೇ ಸಂಜೆಯಲ್ಲಿ ಆಯಿತು. ಮರುದಿನ ಹೊರಗಿನಿಂದ ತೆರೆದರೆ ಪುಟವೇ ಬರಲಿಲ್ಲ. ಇಂಟರ್‌ನೆಟ್ ಕೊಡುವವರು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಹಾಗಾಗಿ ಹೊರಗಿನಿಂದ ಬಂದವರಿಗೆ ನಮ್ಮ ಬಾಗಿಲು ಸಿಗುವುದಿಲ್ಲ. ಸ್ಥಿರ ಐಪಿ ವಿಳಾಸಕ್ಕೆ ಬೇರೆ ಹಣ ಕಟ್ಟಬೇಕಾಯಿತು. ಕೇಬಲ್ ಆಫೀಸಿಗೆ ಮಾಮ ಮೂರು ಸಲ ಅಲೆದರು.

ಇನ್ನೊಂದು ಲೆಕ್ಕ ವೇಗದ್ದು. ಗ್ರಾಹಕರ ಡೌನ್‌ಲೋಡ್ ಎಂದರೆ ನಮಗೆ ಅಪ್‌ಲೋಡ್. ನಮ್ಮ ಅಪ್‌ಲೋಡ್ ವೇಗ 50 ಎಂಬಿಪಿಎಸ್. ಎಂಟು ಬಿಟ್‌ಗೆ ಒಂದು ಬೈಟ್ ಎಂದು ಪಾಠದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು: 28 ಜಿಬಿ ಹೋಗಲು ಸುಮಾರು 75 ನಿಮಿಷ. ಮಧ್ಯದಲ್ಲಿ ಕರೆಂಟ್ ಹೋದರೆ? ಅದಕ್ಕೆ ವಿಡಿಯೋವನ್ನು ಐದು ಭಾಗ ಮಾಡಿದೆವು, ಒಂದೊಂದೂ 4 ಜಿಬಿಗಿಂತ ಕಡಿಮೆ. ತುಂಡಾದರೆ ಆ ಒಂದು ಭಾಗವನ್ನು ಮಾತ್ರ ಮತ್ತೆ ಇಳಿಸಿಕೊಂಡರೆ ಸಾಕು. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ಗಳು 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲವಾದ್ದರಿಂದ ಅದಕ್ಕೂ ಇದು ಒದಗಿತು.

ಮದುವೆ ಆಯಿತು. ಹೆಂಗಸರ ಕಡೆಯ ಫೋಟೋಗಳನ್ನು ಬೇರೆ ಜಿಪ್ ಮಾಡಿ, ಹತ್ತು ದಿನ, ಮೂರು ಡೌನ್‌ಲೋಡ್ ಎಂದು ಮಿತಿ ಇಟ್ಟೆ. ಲಿಂಕ್ ವಾಟ್ಸಾಪ್‌ನಲ್ಲಿ ಹೋಯಿತು. ಪಾಸ್‌ವರ್ಡನ್ನು ಮಾತ್ರ ಮಾಮಿ ಆ ಉಮ್ಮನಿಗೆ ಫೋನಿನಲ್ಲೇ ಹೇಳಿದರು. ಯಾರಿಗೆ ಕೊಡಬೇಕು ಎಂಬುದು ಇನ್ನು ಅವರ ಇಷ್ಟ. ಆ ಶುಕ್ರವಾರ ರಾತ್ರಿ ನಿರ್ವಾಹಕ ಪುಟದಲ್ಲಿ ಆ ಫೈಲ್‌ನ ಮುಂದಿದ್ದ ಸೊನ್ನೆ ಒಂದಾಯಿತು. ಜುಬೈಲ್‌ನಲ್ಲಿ ಒಬ್ಬ ಅಣ್ಣ ತಂಗಿಯನ್ನು ಮದುಮಗಳ ಉಡುಪಿನಲ್ಲಿ ಮೊದಲ ಸಲ ನೋಡುತ್ತಿದ್ದ. ಹತ್ತು ದಿನವಾದ ಮೇಲೆ ಪುಟ ತೆರೆದು ಆ ಸಾಲು ಇಲ್ಲದ್ದನ್ನು ಮಾಮಿಗೆ ತೋರಿಸಿದೆ. ಅವರು ಉಮ್ಮನಿಗೆ ಫೋನ್ ಮಾಡಿ, "ಸರ್ವರ್‌ನಲ್ಲಿದ್ದದ್ದು ಅಳಿಸಿಹೋಯಿತು. ಇನ್ನು ಇರುವುದು ನಿಮ್ಮ ಬಳಿ, ಮತ್ತೆ ನಮ್ಮ ಬೀಗ ಹಾಕಿದ ಕಪಾಟಿನ ಡಿಸ್ಕ್‌ಗಳಲ್ಲಿ ಮಾತ್ರ" ಎಂದರು.

ಇದರಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಒಮ್ಮೆ ಇಳಿಸಿಕೊಂಡ ಫೋಟೋವನ್ನು ಯಾರಾದರೂ ಬೇರೆಯವರಿಗೆ ಕಳುಹಿಸಿದರೆ ಯಾವ ತಂತ್ರಾಂಶವೂ ತಡೆಯಲಾರದು. ಅಲ್ಲಿ ಮನುಷ್ಯರ ನಂಬಿಕೆಯೇ ಬೇಕು. ಸ್ವಂತ ಸರ್ವರ್ ಎಂದರೆ ಸ್ವಂತ ಜವಾಬ್ದಾರಿಯೂ ಹೌದು. ಮಳೆಗಾಲದಲ್ಲಿ ಯುಪಿಎಸ್ ಬೇಕು. ಡಿಸ್ಕ್ ಹಾಳಾದರೆ ಇನ್ನೊಂದು ಪ್ರತಿ ಬೇಕೆಂದು ಮಾಮ ಎರಡು ಡಿಸ್ಕ್‌ಗಳಲ್ಲಿ ಇಡುತ್ತಾರೆ. ಭದ್ರತಾ ಅಪ್‌ಡೇಟ್ ಹಾಕದಿದ್ದರೆ ಕಂಪನಿಯ ಸರ್ವರ್‌ಗಿಂತ ನಮ್ಮದೇ ಅಪಾಯ. ಈಗ ಪ್ರತಿ ಶನಿವಾರ ಆ ಕೆಲಸ ನನ್ನದು. ಆದರೆ ಮಾರ್ಚ್‌ನಲ್ಲಿ ನನಗೆ ಪರೀಕ್ಷೆ, ಆಮೇಲೆ ಹಾಸ್ಟೆಲ್. ಆಗ ಯಾರು? ಈ ಚಿಂತೆಗೆ ಮಾಮಿಯೇ ಉತ್ತರ ಕೊಟ್ಟರು. ನಾನು ಹೇಳಿಕೊಟ್ಟ ನಾಲ್ಕು ಕಮಾಂಡ್‌ಗಳನ್ನು ಬಿಲ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು, ಕಳೆದ ಎರಡು ಶನಿವಾರ ನಾನು ಮುಟ್ಟದೆಯೇ ಅವರೇ ಮಾಡಿದ್ದಾರೆ.

ಗೆಳೆಯ ಗೆಳತಿಯರೇ, ನೆಟ್‌ವರ್ಕ್ ಪಾಠವನ್ನು ನಾವು ಅಂಕಗಳಿಗಾಗಿ ಓದುತ್ತೇವೆ. ಅದೇ ಪಾಠ ಒಂದು ಮನೆಯವರ ಮರ್ಯಾದೆ ಕಾಯಲು ಉಪಯೋಗವಾಗುವುದನ್ನು ನಾನು ನೋಡಿದೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ವಿಡಿಯೋಗಳಿಗೂ ಹೀಗೊಂದು ವ್ಯವಸ್ಥೆ ಮಾಡಬಹುದು. ಲ್ಯಾಬ್‌ನಲ್ಲಿ ಹಳೆಯ ಯಂತ್ರವೊಂದು ಸಿಕ್ಕರೆ, ಉಪನ್ಯಾಸಕರ ಅನುಮತಿ ಇದ್ದರೆ, ಪರೀಕ್ಷೆಗೆ ಮೊದಲು ಪ್ರಥಮ ಪಿಯುಸಿಯವರಿಗೆ ಕಲಿಸಿಕೊಡಲು ನಾನು ಸಿದ್ಧಳಿದ್ದೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ