ಶುನಕ-ದತ್ತಕ

ದತ್ತಕ ತೆಗೆದುಕೊಳ್ಳುವದೆಂದರೆ ನಮ್ಮ ಧರ್ಮಶಾಸ್ತ್ರಕಾರರ ದೃಷ್ಟಿಯಲ್ಲಿ ಮುಖ್ಯವಾಗಿ ತೆಗೆದುಕೊಳ್ಳುವವನ ಹಿತದ ಮಾತು. ನಂದಪಂಡಿತನ ‘ದತ್ತಕಮೀಮಾಂಸೆ’ಯನ್ನು ತೆರೆದು ನೋಡಿದವರಿಗೆ ಇದು ಗೊತ್ತೇ ಇದೆ. ಪುತ್ರಹೀನನಾದ ಗೃಹಸ್ಥನಿಗೆ ಪಿಂಡೋದಕಗಳು ತಪ್ಪಬಾರದು, ಮನೆತನದ ಹೆಸರು ಅಳಿಯಬಾರದು. ಅದಕ್ಕಾಗಿ ಪರರ ಮಗನನ್ನು ತಂದುಕೊಳ್ಳುವದು. ಆದರೆ 2024ರ ಮಳೆಗಾಲದಿಂದ ಹಾರವಾಡದ ನಮ್ಮ ಮನೆಯಲ್ಲಿರುವ ದತ್ತಕವು ಈ ಶಾಸ್ತ್ರಕ್ಕೆ ಪೂರ್ತಿ ತಲೆಕೆಳಗು. ಅದು ನಮಗೆ ನೀರು ಬಿಡುವ ಸಂಭವವಿಲ್ಲ. ಅದರ ನೀರನ್ನೇ ದಿನಕ್ಕೆ ನಾಲ್ಕು ಸಲ ನಾವು ಬಿಡಿಸಬೇಕು. ವಾಚಕರು ಇದನ್ನು ಗ್ರಾಮ್ಯ ವಿನೋದವೆಂದು ತಿಳಿಯಬಾರದು. ಅರ್ಥವು ಮುಂದೆ ತಾನಾಗಿ ವಿಶದವಾದೀತು.

ಅದೊಂದು ಹೆಣ್ಣುನಾಯಿ. ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನಿಗೆ ಹೋಗಕೂಡದೆಂದು ನಿರ್ಬಂಧವುಂಟಷ್ಟೆ. ದೋಣಿ ದಡದಲ್ಲಿ ನಿಂತಿತೆಂದರೆ ದಂಡೆಯ ನಾಯಿಗಳಿಗೂ ಏಕಾದಶಿ. ಆಗ ಅವು ಅನ್ನವನ್ನು ಹುಡುಕುತ್ತ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಖಾನಾವಳಿಗಳ ಕಡೆಗೆ ಹೊರಡುವವು. ಅಂಥ ಒಂದು ಮುಂಜಾವಿನಲ್ಲಿ ಯಾವದೋ ವಾಹನ ಇದಕ್ಕೆ ಬಡಿದು, ನಿಲ್ಲದೆ ಹೋಯಿತು. ಹರಿಕಾಂತರ ಕೇರಿಯ ಹುಡುಗರು ಅದನ್ನು ಎತ್ತಿ ತಂದು ನಮ್ಮ ಜಗಲಿಯಲ್ಲಿ ಇಳಿಸಿದರು. ಅವರಿಗೆ ಯಾರೂ ಕಲಿಸಿರಲಿಲ್ಲ; ಆದರೂ ನೋವಿನ ನಾಯಿ ಉಪಕಾರಿಯನ್ನೂ ಕಚ್ಚುವದೆಂದು ತಿಳಿದು ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿದ್ದರು. ಬೆನ್ನು ಬಾಗಬಾರದೆಂದು ಗೋಣಿತಟ್ಟನ್ನು ನಾಲ್ಕು ಮೂಲೆಗೂ ಬಿಗಿಯಾಗಿ ಹಿಡಿದಿದ್ದರು.

ಪಶುವೈದ್ಯರು ಬಂದು ಹಿಂಗಾಲಿನ ಬೆರಳುಗಳನ್ನು ಬಲವಾಗಿ ಚಿವುಟಿದರು. ಕಾಲು ಒಮ್ಮೆ ಹಿಂದಕ್ಕೆ ಸೆಳೆಯಿತು. ನಾನು ಹರ್ಷಪಟ್ಟೆ, ಅವರು ತಲೆಯಲ್ಲಾಡಿಸಿದರು. ಕಾಲು ಸೆಳೆಯುವದು ಬೇರೆ, ನೋವು ತಿಳಿದು ಹೊರಳಿ ನೋಡುವದು ಬೇರೆ. ಮೊದಲನೆಯದು ಬೆನ್ನುಹುರಿಯ ಕೆಳಭಾಗ ತಾನೊಂದೇ ಮಾಡುವ ಕೆಲಸ; ಎರಡನೆಯದಕ್ಕೆ ಸುದ್ದಿ ಮಿದುಳಿಗೆ ಮುಟ್ಟಬೇಕು. ನಾಯಿ ಹೊರಳಿ ನೋಡಲಿಲ್ಲ. ಆದರೂ ಕೆಲವು ವಾರ ಅಲುಗದಂತೆ ಇಟ್ಟು ನೋಡೋಣವೆಂದರು. ಜುಲೈ ಅರ್ಧ ಕಳೆದರೂ ಸೊಂಟದ ಕೆಳಗೆ ಅರಿವು ಮರಳಲಿಲ್ಲ. ಆಗ ವೈದ್ಯರು, ನೋವಿಲ್ಲದ ಮರಣವನ್ನು ಕೊಡುವದೂ ಒಂದು ಮಾರ್ಗವೆಂದು ಮೆಲ್ಲಗೆ ಹೇಳಿದರು. ಅವರು ನಿಷ್ಠುರರಲ್ಲ. ಹೊರಡುವಾಗ ಅವರು ಕೇಳಿದ್ದು ಇಷ್ಟೆ: “ಮಾಸ್ತರರೇ, ಮನೆಯಲ್ಲಿ ಎಷ್ಟು ಜನ ಇದ್ದೀರಿ?” ಇಂಥ ಪ್ರಸಂಗದಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಲಾರರು. ನಾವು ಇಬ್ಬರೇ, ಇಬ್ಬರಿಗೂ ಅರವತ್ತರ ಸಮೀಪ, ಮಗ ಮುಂಬಯಿಯಲ್ಲಿ.

ಅದೇ ವಾರ, ಜುಲೈ 16ರಂದು, ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ಮನೆಮಂದಿಯೆಲ್ಲ ಮಣ್ಣಿನಡಿಗಾದ ಒಂದು ಕುಟುಂಬದ ನಾಯಿ ಆ ಸ್ಥಳವನ್ನು ಬಿಟ್ಟು ಕದಲದೆ ತನ್ನವರನ್ನು ಹುಡುಕುತ್ತಿರುವದೆಂದು ಪತ್ರಿಕೆಗಳಲ್ಲಿ ಬಂದಿತು. ನನ್ನ ಹೆಂಡತಿ ಅದನ್ನು ಎರಡು ಸಲ ಓದಿ, ಕನ್ನಡಕವನ್ನು ತೆಗೆದಿಟ್ಟು ಹೇಳಿದಳು: “ಅಲ್ಲಿ ನಾಯಿ ತನ್ನ ಜನರನ್ನು ಹುಡುಕುತ್ತದೆ. ಇದನ್ನು ಹುಡುಕಿಕೊಂಡು ಬರುವ ಜನ ಯಾರೂ ಇಲ್ಲವಲ್ಲ.” ನಮ್ಮ ಮನೆಯಲ್ಲಿ ದತ್ತಕವಿಧಿಯು ಇಷ್ಟರಲ್ಲೇ ಮುಗಿಯಿತು. ಹೋಮವೂ ಇಲ್ಲ, ಭೋಜನವೂ ಇಲ್ಲ.

ನಾಮಕರಣ ಮಾತ್ರ ನನ್ನ ಪಾಲಿಗೆ ಬಂದಿತು. ಮಹಾಭಾರತದ ಆರಂಭದಲ್ಲಿಯೇ ಒಂದು ನಾಯಿಯ ದೂರು ಇದೆ. ಜನಮೇಜಯನ ಸತ್ರಕ್ಕೆ ಬಂದ ಮರಿಯನ್ನು ಅವನ ತಮ್ಮಂದಿರು ನಿಷ್ಕಾರಣವಾಗಿ ಹೊಡೆದರು. ತಾಯಿಯಾದ ಸರಮೆಯು ಸತ್ರಕ್ಕೇ ಬಂದು ಕಾರಣ ಕೇಳಿದಳು. ಅರಸುಮಕ್ಕಳು ಉತ್ತರವನ್ನು ಕೊಡಲಿಲ್ಲ. ರಸ್ತೆಯಲ್ಲಿ ಪೆಟ್ಟು ತಿಂದ ಇದಕ್ಕೂ ಯಾರೂ ಉತ್ತರ ಕೊಡಲಿಲ್ಲವಾದ್ದರಿಂದ ಸರಮೆಯೆಂದು ಹೆಸರಿಟ್ಟೆ. ಕೇರಿಯವರು ಎರಡೇ ದಿನದಲ್ಲಿ ಅದನ್ನು ‘ಸರಮ್ಮ’ ಮಾಡಿದರು. ಮಹಾಪ್ರಸ್ಥಾನದಲ್ಲಿ ಧರ್ಮರಾಜನ ಬೆನ್ನು ಹತ್ತಿದ ನಾಯಿ ಕೊನೆಗೆ ಧರ್ಮದೇವತೆಯಾಗಿ ಪ್ರಕಟವಾಯಿತು. ನಮ್ಮ ಸರಮ್ಮ ಇಷ್ಟು ದಿನವಾದರೂ ರೂಪ ಬದಲಿಸುವ ಲಕ್ಷಣ ಕಾಣದು. ಪಾಣಿನಿಯು ನಾಯಿ, ತರುಣ, ಇಂದ್ರ ಈ ಮೂವರನ್ನೂ ಒಂದೇ ಸೂತ್ರದಲ್ಲಿ ಕಟ್ಟಿಹಾಕಿದನೆಂದು ವೈಯಾಕರಣರು ನಗುವದುಂಟು. ನಗು ಹಾಗಿರಲಿ, ನಮ್ಮ ಕನ್ನಡನಾಡಿನಲ್ಲಿ ನಾಯಿಗೆ ಕಲ್ಲನ್ನೇ ನಿಲ್ಲಿಸಿದ್ದಾರೆ. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಬೂತುಗನು ಮೆಚ್ಚಿ ವರ ಕೇಳೆಂದಾಗ ಮಣಲೇರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆದರೆ ಕಾಳಿ ವೀರನಾಯಿ. ಏನನ್ನೂ ಗೆಲ್ಲದ, ಮನೆಯನ್ನು ಕಾಯಲಾರದ, ತೆವಳುವ ನಾಯಿಗೆ ಯಾವ ಅರಸು ಭೂಮಿ ಬಿಟ್ಟಾನು?

ಇನ್ನು ನಿತ್ಯಕರ್ಮದ ವಿಷಯ. ಬೆನ್ನುಹುರಿ ಕಡಿದ ನಾಯಿಯ ಮೂತ್ರಾಶಯ ತುಂಬುವದು, ಆದರೆ ತಾನಾಗಿ ಬರಿದಾಗದು. ಎರಡೂ ಬದಿಯಿಂದ ಹೊಟ್ಟೆಯ ಮೇಲೆ ಕೈಯಿಟ್ಟು, ಹಿಂದಕ್ಕೆ ಮೆಲ್ಲಗೆ ಒತ್ತಿ ಬರಿದುಮಾಡಬೇಕು. ಬೆಳಗಿನ ಐದು, ಹನ್ನೊಂದು, ಸಂಜೆ ಐದು, ರಾತ್ರಿ ಹತ್ತು: ಇವು ನಮ್ಮ ಸಂಧ್ಯಾಕಾಲಗಳು. ಇದನ್ನು ಪುಸ್ತಕದಿಂದ ಕಲಿಯಲಾಗದು. ವೈದ್ಯರು ನಮ್ಮ ಕೈಗಳ ಮೇಲೆ ತಮ್ಮ ಕೈಯಿಟ್ಟು ಕಲಿಸಿದರು. ನೀರು ಒಳಗೆ ಉಳಿದರೆ ಕೊಳೆತು ಜ್ವರ ಬರುವದು. ವಾಸನೆ ಬದಲಾದರೆ, ಕೆಂಪು ಕಂಡರೆ, ಅದೇ ದಿನ ವೈದ್ಯರಿಗೆ ತಿಳಿಸಬೇಕು. ಒಂದೇ ಮಗ್ಗುಲಿಗೆ ಬಹಳ ಹೊತ್ತು ಬಿಟ್ಟರೆ ಸೊಂಟದ ಎಲುಬಿನ ಮೇಲೆ ಹುಣ್ಣಾಗುವದು. ಅದಕ್ಕಾಗಿ ಹೊರಳಿಸುವದು, ಒದ್ದೆ ಒರೆಸುವದು, ಹಾಸಿಗೆ ಬದಲಿಸುವದು. ಇದೆಲ್ಲ ಬೇಸಿಗೆಯಲ್ಲಿ ಸುಲಭ. ಆಷಾಢದಲ್ಲಿ ನಮ್ಮ ಸೀಮೆಯ ಮಳೆಯನ್ನು ಬಲ್ಲವರಿಗೆ ನಾನು ಹೇಳತಕ್ಕದ್ದೇನು? ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದು. ನನ್ನ ಹಳೆಯ ಧೋತರಗಳೂ ಅವಳ ಸೀರೆಗಳೂ ಒಂದೊಂದಾಗಿ ಸರಮ್ಮನ ಹಾಸಿಗೆಯಾದವು. ಹಗಲಿರುಳೂ ಬಚ್ಚಲೊಲೆಯ ಮೇಲೆ ಅವುಗಳ ತೋರಣ. ಗೃಹಕೃತ್ಯದ ಭಾರವನ್ನು ಅರಿಯದೆ ಭೂತದಯೆಯನ್ನು ಉಪದೇಶಿಸುವವರು ಒಂದು ಆಷಾಢವನ್ನು ಹೀಗೆ ಕಳೆದು ನೋಡಬೇಕು.

ಮಡಿಯ ಮಾತೂ ಬಂದಿತು. ಬಂಧುಗಳೊಬ್ಬರು, ಮೂತ್ರ ಮುಟ್ಟಿದ ಕೈಯಿಂದ ದೇವರ ಪೂಜೆಯೇ ಎಂದರು. ನಾಲ್ಕು ಮಕ್ಕಳನ್ನು ಎತ್ತಿ ಬೆಳೆಸಿದ ಅವರ ಹೆಂಡತಿಯೇ ಒಳಗಿನಿಂದ ನಕ್ಕಳಾದ್ದರಿಂದ ನಾನು ಉತ್ತರ ಕೊಡುವ ಕಾರಣ ಬೀಳಲಿಲ್ಲ. ವೈಶ್ವದೇವದಲ್ಲಿ ನಾಯಿಗೂ ಒಂದು ಬಲಿಯ ತುತ್ತನ್ನು ಇಡುವ ಪದ್ಧತಿ ನಮ್ಮ ಹಿರಿಯರದೇ. ಆದರೆ ಬರೀ ಮೊಸರನ್ನದಿಂದ ಅದರ ಮೈ ತುಂಬಲಿಲ್ಲ. ಮೊಟ್ಟೆ, ಮೀನು ಬೇಕೆಂದರು ವೈದ್ಯರು. ನಮ್ಮ ಅಡಿಗೆಮನೆಯಲ್ಲಿ ಅದು ನಡೆಯದು. ಪಕ್ಕದ ಕೇರಿಯ ಹರಿಕಾಂತರ ಮುದುಕಿಯೊಬ್ಬಳು ಇದನ್ನು ಕೇಳಿ, “ಅದಕ್ಕೇನು ಅಮ್ಮಾ, ನಾ ಬೇಯಿಸಿ ತರ್ತೆ” ಎಂದು, ಅಂದಿನಿಂದ ಮುಳ್ಳು ತೆಗೆದ ಮೀನನ್ನು ತರುತ್ತಿದ್ದಾಳೆ. ಜೊತೆಗೆ ಅವಳ ಮೊಮ್ಮಗನೂ ಬರುವನು.

ಗಾಡಿಯನ್ನು ಮಾಡಿಸಿದ್ದು ಆ ಹುಡುಗನ ಒತ್ತಾಯದಿಂದ. ಸಾಯ್ಕಲ್ ಅಂಗಡಿಯವನು ನೀರಿನ ಕೊಳವೆಗಳನ್ನು ಜೋಡಿಸಿ, ಎರಡು ಸಣ್ಣ ಗಾಲಿ ಹಚ್ಚಿ, ಹಿಂಭಾಗಕ್ಕೆ ಬಟ್ಟೆಯ ತೊಟ್ಟಿಲು ಕಟ್ಟಿಕೊಟ್ಟನು. ಒಣ ಉಸುಕಿನಲ್ಲಿ ಗಾಲಿ ಹೂಳುವವು. ಇಳಿತದ ವೇಳೆಯಲ್ಲಿ ನೀರು ಸರಿದ ಒದ್ದೆ ಉಸುಕು ಮಾತ್ರ ಗಟ್ಟಿ. ಇಳಿತವು ದಿನಕ್ಕೆ ಸುಮಾರು ಮುಕ್ಕಾಲು ತಾಸು ತಡವಾಗುವದರಿಂದ ಈಗ ನಾನು ತಿಥಿ ನೋಡುವದು ಶ್ರಾದ್ಧಕ್ಕಿಂತ ಸರಮ್ಮನ ವಿಹಾರಕ್ಕೇ ಹೆಚ್ಚು. ಅರ್ಧ ತಾಸಾದ ಮೇಲೆ ಗಾಡಿಯನ್ನು ಬಿಚ್ಚಬೇಕು. ಹೆಚ್ಚಾದರೆ ಪಟ್ಟಿ ಉಜ್ಜಿ ಚರ್ಮ ಸುಲಿಯುವದು. ಆ ಅರ್ಧ ತಾಸಿನಲ್ಲಿ ಅದು ಏಡಿಗಳನ್ನು ಅಟ್ಟುವ ರಭಸವನ್ನು ನೋಡಿದರೆ, ಅದಕ್ಕೆ ತನ್ನ ಸ್ಥಿತಿಯ ವಿಷಯದಲ್ಲಿ ನಮಗಿರುವಷ್ಟು ದುಃಖವಿದೆಯೆಂದು ನನಗೆ ತೋರುವದಿಲ್ಲ.

2022ರಲ್ಲಿ ‘777 ಚಾರ್ಲಿ’ ಚಿತ್ರ ಬಂದ ಮೇಲೆ ನಾಯಿಯನ್ನು ತರಬೇಕೆನ್ನುವ ತರುಣರು ಹೆಚ್ಚಾಗಿದ್ದಾರೆ. ಒಳ್ಳೆಯದೇ. ಬೆಂಗಳೂರಿನಲ್ಲಿ ಊನವಾದ ಪ್ರಾಣಿಗಳಿಗೆ ಮನೆ ಹುಡುಕಿಕೊಡುವ ಸಂಸ್ಥೆಗಳೂ ಇವೆ. ನನ್ನನ್ನು ಕೇಳಲು ಬಂದವರಿಗೆ ನಾನು ದಯೆಯ ಮಾತನ್ನು ಆಡುವದಿಲ್ಲ. ವೈದ್ಯರ ಪ್ರಶ್ನೆಯನ್ನೇ ಕೇಳುತ್ತೇನೆ. ಮನೆಯಲ್ಲಿ ಕೈಗಳೆಷ್ಟು? ನೀವು ಮಲಗಿದ ದಿನ ಒತ್ತುವವರು ಯಾರು? ರೇಬೀಸ್ ಲಸಿಕೆಯನ್ನು ವರ್ಷವರ್ಷವೂ ಹಾಕಿಸುವಿರಾ? ಉತ್ತರವಿಲ್ಲದವರು ಗಟ್ಟಿಮುಟ್ಟಾದ ಬೀದಿಮರಿಯನ್ನು ಸಾಕಲಿ, ಅದೂ ಪುಣ್ಯವೇ.

ನಮಗೂ ಬಹುದಿನ ಉತ್ತರವಿರಲಿಲ್ಲ. ಮೊದಲನೆಯ ವರ್ಷ ಮಗನ ಮನೆಗೆ ಒಬ್ಬರು ಹೋದರೆ ಒಬ್ಬರು ಇಲ್ಲಿ. ಮೊಮ್ಮಗಳು, ಅಜ್ಜ-ಅಜ್ಜಿ ಜಗಳವಾಡಿದ್ದಾರೆಯೇ ಎಂದು ಕೇಳಿದಳಂತೆ. ನಡುವೆ ಮುದುಕಿಯ ಮೊಮ್ಮಗ ಪಕ್ಕದಲ್ಲಿ ಕುಳಿತು ನೋಡುತ್ತ ನೋಡುತ್ತ ಒತ್ತುವದನ್ನು ಕಲಿತಿದ್ದನು. ಈಗ ಅವನ ಕೈ ನನ್ನದಕ್ಕಿಂತ ಹಗುರ. 2025ರ ದೀಪಾವಳಿಗೆ ನಾವಿಬ್ಬರೂ ಕೂಡಿಯೇ ಕಾರವಾರದಲ್ಲಿ ಗಾಡಿ ಹತ್ತಿ ಆರು ದಿನ ಮುಂಬಯಿಯಲ್ಲಿದ್ದು ಬಂದೆವು. ಹುಡುಗ ಜಗಲಿಯ ಗೋಡೆಗೆ ಒಂದು ಕಾಗದವನ್ನು ಅಂಟಿಸಿ ದಿನದ ಲೆಕ್ಕ ಬರೆದಿಟ್ಟಿದ್ದನು: ನಾಲ್ಕು, ನಾಲ್ಕು, ನಾಲ್ಕು, ಐದು, ನಾಲ್ಕು, ನಾಲ್ಕು. ಐದು ಯಾಕೆಂದು ಕೇಳಿದೆ. “ಆ ದಿನ ಪಟಾಕಿ ಸದ್ದಿಗೆ ಹೆದರಿ ಬಹಳ ನೀರು ಕುಡೀತು, ಮಾಸ್ತರೇ” ಎಂದನು.