ಅವ್ವನ ಭಾವಚಿತ್ರ

ಮನೆಯ ಗೋಡೆಯ ಮೇಲಿನ ಹಿರಿಯರ ಭಾವಚಿತ್ರ ಬರಿಯ ಅಲಂಕಾರದ ವಸ್ತುವಲ್ಲ. ಅವರನ್ನು ಕಾಣದ ಮೊಮ್ಮಕ್ಕಳ ಪಾಲಿಗೆ ಅದೇ ಅವರ ಮುಖ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಅಪ್ಪನವರ ಚಿತ್ರವೊಂದಿದೆ. ಹುನಗುಂದದ ಒಂದು ಮದುವೆಯ ಗುಂಪುಚಿತ್ರದಲ್ಲಿ ಹೆಬ್ಬೆರಳ ಉಗುರಿನಷ್ಟಿದ್ದ ಮುಖವನ್ನು, ಅವರು ತೀರಿಕೊಂಡ ಬಳಿಕ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದು. ಕಣ್ಣುಗಳಿರಬೇಕಾದಲ್ಲಿ ಎರಡು ಕಪ್ಪು ಕಲೆಗಳಿವೆ. ಹಳೆಯ ಮನೆ ಆಲಮಟ್ಟಿಯ ಹಿನ್ನೀರಿನ ಪಾಲಾಗುವ ಮುನ್ನ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಉಳಿದ ಚಿತ್ರಗಳು ಕಳೆದುಹೋದವು. ಆದುದರಿಂದ ಅವ್ವನಿಗೆ ಎಂಬತ್ತು ತುಂಬಿದಾಗ, ಆಕೆಯದಾದರೂ ಒಂದು ಒಳ್ಳೆಯ ಚಿತ್ರ ಇರಲೇಬೇಕೆಂದು ನಾವು ಸಂಕಲ್ಪಿಸಿದೆವು.

ಮಗನ ಕ್ಯಾಮೆರಾ ಇತ್ತು. ಅದರೊಡನೆ ಬಂದ 18–55 ಮಿ.ಮೀ. ಜೂಮ್ ಲೆನ್ಸೂ ಇತ್ತು. ಅವ್ವನ ತವರಾದ ಇಳಕಲ್ಲಿಗೆ ಹೋದಾಗ ಪಡಸಾಲೆಯಲ್ಲಿ ಆಕೆಯನ್ನು ಕೂರಿಸಿ, ಲೆನ್ಸನ್ನು 18ರಲ್ಲಿಯೇ ಇಟ್ಟು, ತೀರ ಹತ್ತಿರ ನಿಂತು ತೆಗೆದೆವು. ಅವ್ವ ನೋಡಿ, “ತಮ್ಮಾ, ಇದು ನನ್ನ ಮಾರಿ ಅಲ್ಲಪಾ. ಬರೇ ಮೂಗ ಮುಂದ ಬಂದೈತಿ” ಎಂದಳು.

ಬಾಗಲಕೋಟೆಯಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ ಹಿರಿಯ ಸ್ನೇಹಿತರಲ್ಲಿ ಇದನ್ನು ಹೇಳಿಕೊಂಡೆವು. “ತಪ್ಪು ಲೆನ್ಸಿನದಲ್ಲ, ನೀವು ನಿಂತ ದೂರದ್ದು” ಎಂದರವರು. ಒಂದೂವರೆ ಅಡಿಯಲ್ಲಿ ನಿಂತರೆ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಬಹಳ ಸಮೀಪವಾಗಿ ದೊಡ್ಡದಾಗಿ ಕಾಣುತ್ತದೆ. ಐದು ಅಡಿ ಹಿಂದೆ ಸರಿದರೆ ಆ ಅಂತರ ಲೆಕ್ಕಕ್ಕೆ ಬಾರದು, ಮುಖ ತನ್ನ ಸಹಜ ರೂಪಕ್ಕೆ ಬರುತ್ತದೆ. ಆ ದೂರದಿಂದ ಚೌಕಟ್ಟು ತುಂಬಿಸುವುದಷ್ಟೇ ಲೆನ್ಸಿನ ಕೆಲಸ. ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಭಾವಚಿತ್ರಕ್ಕೆ 85ರಿಂದ 135 ಮಿ.ಮೀ. ಲೆನ್ಸು ವಾಡಿಕೆಯಲ್ಲಿತ್ತು. ಫಿಲ್ಮಿನ ಅಳತೆ 36×24 ಮಿ.ಮೀ. ನಮ್ಮದು ಕ್ರಾಪ್ ಸೆನ್ಸಾರ್. ಅದರ ಅಗಲ ಸುಮಾರು 23.5 ಮಿ.ಮೀ. ಮಾತ್ರ. ಆದ್ದರಿಂದ ಲೆನ್ಸಿನ ಅಂಕಿಯನ್ನು ಒಂದೂವರೆಯಿಂದ ಗುಣಿಸಬೇಕು. 55 ಎಂಬುದು ಇಲ್ಲಿ 82ರಂತೆ, 70 ಎಂಬುದು 105ರಂತೆ ನಡೆದುಕೊಳ್ಳುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ಮನಸ್ಸು 70–200ರ ದೊಡ್ಡ ಜೂಮಿನತ್ತ ಓಡಿತು. ಸ್ನೇಹಿತರು ತಮ್ಮದನ್ನೇ ಎರಡು ದಿನಕ್ಕೆ ಕೊಟ್ಟರು. ಬಾದಾಮಿಗೆ ಒಯ್ದೆವು. ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯಲ್ಲಿ, ಕಂಬಗಳ ಮೇಲಿನ ದಂಪತಿ ಶಿಲ್ಪಗಳ ಮುಖಗಳನ್ನು ಕೆಳಗೆ ನಿಂತೇ ಸೆರೆಹಿಡಿದೆವು, ಹಿಗ್ಗಿದೆವು. ಮರುದಿನ ಇಳಕಲ್ಲಿನ ಪಡಸಾಲೆಯಲ್ಲಿ ಆ ಹಿಗ್ಗು ಉಳಿಯಲಿಲ್ಲ. ತಲೆಯಿಂದ ಎದೆಯವರೆಗಿನ ಚಿತ್ರಕ್ಕೆ 200ರಲ್ಲಿ ಹದಿನೇಳು ಅಡಿ ದೂರ ಬೇಕು. ಪಡಸಾಲೆಯೇ ಹನ್ನೆರಡು ಅಡಿ! ಅದೇ ಚಿತ್ರಕ್ಕೆ 55ರಲ್ಲಿ ಐದು ಅಡಿಯೊಳಗೇ ಸಾಕು.

ಹಾಗಾದರೆ ಇದ್ದ ಲೆನ್ಸೇ ಸಾಲದೇ? ದೂರಕ್ಕೆ ಸಾಕು, ಬೆಳಕಿಗೆ ಸಾಲದು. 55ರಲ್ಲಿ ಅದರ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. ಕಿಟಕಿಯ ಬೆಳಕಿನಲ್ಲಿ ಶಟರ್ ಸೆಕೆಂಡಿನ 30ನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು. ಅವ್ವನ ತಲೆ ವಯೋಧರ್ಮದಿಂದ ಸಣ್ಣಗೆ ನಡುಗುತ್ತದೆ. ಚಿತ್ರ ಪ್ರತಿ ಸಲವೂ ಅಲುಗಿತು. ಎಫ್ 2.8ರ ಲೆನ್ಸಿನಲ್ಲಿ ನಾಲ್ಕು ಪಟ್ಟು ಬೆಳಕು ಬಂದು, ಶಟರ್ 125ನೆಯ ಒಂದು ಭಾಗಕ್ಕೆ ಏರುತ್ತದೆ. ಜೂಮ್ ಅಲ್ಲದ 50ರ ಲೆನ್ಸು ಅಗ್ಗವೆಂದು ಮಗ ಹೇಳಿದ. ಆದರೆ ಮರಿಮಗಳು ಬಂದು ತೊಡೆಯೇರಿದರೆ ಎಂಬತ್ತರ ಅವ್ವನನ್ನು ಎಬ್ಬಿಸಿ ಹಿಂದಕ್ಕೆ ಸರಿಸಲಾದೀತೇ? ಕೊನೆಗೆ 17–50, ಎಫ್ 2.8ರ ಲೆನ್ಸೊಂದನ್ನು ಹಳೆಯದೇ ನೋಡಿ ಕೊಂಡೆವು.

ಅವ್ವ ಇಳಕಲ್ ಸೀರೆಯುಟ್ಟು, ವಿಭೂತಿ ಧರಿಸಿ ಕಿಟಕಿಯ ಬಳಿ ಕುಳಿತಳು. ಲೆನ್ಸು 50ರಲ್ಲಿ, ನಾವು ನಾಲ್ಕೂವರೆ ಅಡಿಯಲ್ಲಿ. ಮೊದಲ ಚಿತ್ರದಲ್ಲಿ ವಿಭೂತಿ ಬರಿಯ ಬಿಳಿಯಾಗಿ ಹೊಳೆಯಿತು. ಬೆಳಕನ್ನು ತುಸು ಇಳಿಸಿದೆವು. ಬಾಯಿ ಪೂರ್ತಿ ತೆರೆದುದರಿಂದ ಕಣ್ಣು ಸ್ಪಷ್ಟವಾಗಿ, ಸೆರಗಿನ ತೆನೆಗಳು ಮಸುಕಾದವು. ಇರಲಿ, ನಮಗೆ ಬೇಕಾದುದು ಕಣ್ಣೇ ಆಗಿತ್ತು.

ಕಟ್ಟು ಹಾಕಿಸಿ ತಂದಾಗ ಅವ್ವ ಬಹಳ ಹೊತ್ತು ನೋಡಿದಳು. ಬಳಿಕ ಗೋಡೆಯ ಮೇಲಿನ ಅಪ್ಪನತ್ತ ಕಣ್ಣೆತ್ತಿ, “ಇವರದೂ ಹಿಂಗ ಒಂದು ತಗದಿದ್ರ ಚಲೋ ಇತ್ತು” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬಂಧುಗಳೇ, ಲೆನ್ಸು ಯಾವುದೆಂಬ ಚರ್ಚೆ ಆಮೇಲಾಗಲಿ. ಮನೆಯಲ್ಲಿ ಹಿರಿಯರಿದ್ದರೆ, ಕಿಟಕಿಯ ಬಳಿ ಕೂರಿಸಿ, ಐದು ಅಡಿ ಹಿಂದೆ ಸರಿದು, ಇದ್ದ ಕ್ಯಾಮೆರಾದಲ್ಲಿಯೇ ಇಂದೇ ಒಂದು ಚಿತ್ರ ತೆಗೆಯಿರಿ.